ಹೆದರಿಕೆ ಆಗುತ್ತಾ ಅಂತ ಕೇಳಬೇಡಿ

ಶನಿವಾರ ರಾತ್ರಿಯ ಸಿಟ್ಟು ಇನ್ನೂ ಇಳಿದಿಲ್ಲ. ಬರೆದರೆ ಇಳಿಯಬಹುದು ಅಂತ ಕೂತಿದ್ದೇನೆ.

ಮಂಗಳೂರಿನ ಬಿಜೈಯಲ್ಲಿ ತಮ್ಮನ ಫ್ಲ್ಯಾಟ್. ಹೊರಗೆ ಜಡಿಮಳೆ. ಐದಾರು ಜನ ಸೇರಿದ್ದೆವು. "ಒಂದು ವ್ಯಾಂಪೈರ್ ಸಿನಿಮಾ ಹಾಕು, ನಿನಗೆ ಗೊತ್ತುಂಟಲ್ಲ" ಅಂತ ಅವರೇ ಹೇಳಿದರು. ವ್ಯಾಂಪೈರ್ ಅಂದರೆ ರಕ್ತ ಕುಡಿದು ಬದುಕುವ ಪಿಶಾಚಿ. ನನಗೆ ಖುಷಿಯೋ ಖುಷಿ. 2008ರ ಸ್ವೀಡನ್ ಸಿನಿಮಾ 'ಲೆಟ್ ದ ರೈಟ್ ಒನ್ ಇನ್' ಹಾಕಿದೆ. ಹತ್ತು ನಿಮಿಷ ಆಗಲಿಲ್ಲ, ಒಬ್ಬ ಕೇಳಿದ, "ಇದು ಯಾವಾಗ ಹೆದರಿಸ್ತದೆ ಮಾರಾಯ್ರೆ?" ಅರ್ಧ ಗಂಟೆಯೊಳಗೆ ರಿಮೋಟ್ ಅವನ ಕೈಗೆ ಹೋಯಿತು. ಹತ್ತು ಸೆಕೆಂಡ್ ಮುಂದೆ, ಇನ್ನೂ ಹತ್ತು ಸೆಕೆಂಡ್ ಮುಂದೆ. ಹಾಗೆ ಓಡಿಸುತ್ತಾ ಓಡಿಸುತ್ತಾ ಯಾವ ದೃಶ್ಯ ಹಾರಿಸಿದ ಗೊತ್ತಾ?

ಆಸ್ಕರ್ ಅಂತ ಹನ್ನೆರಡು ವರ್ಷದ ಹುಡುಗ. ಪಕ್ಕದ ಮನೆಗೆ ಬಂದ ಎಲಿಗೆ ಅವನು ಮಿಠಾಯಿ ಕೊಡುತ್ತಾನೆ. ಎಲಿಗೆ ಅದು ಆಗುವುದಿಲ್ಲ, ರಕ್ತ ಬಿಟ್ಟು ಬೇರೆ ಏನೂ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಆದರೂ ಅವನ ಮುಖ ಸಣ್ಣದಾಗುವುದು ನೋಡಲಾಗದೆ ಒಂದು ತಿನ್ನುತ್ತಾಳೆ. ಆಮೇಲೆ ಗೋಡೆಯ ಹಿಂದೆ ಹೋಗಿ ವಾಂತಿ ಮಾಡುತ್ತಾಳೆ. ಆಸ್ಕರ್ ಏನೂ ಕೇಳದೆ ಅವಳನ್ನು ತಬ್ಬಿಕೊಳ್ಳುತ್ತಾನೆ. ಇಡೀ ಸಿನಿಮಾ ಅಲ್ಲಿದೆ. ಅದನ್ನೇ ಹಾರಿಸಿದರು. ಕೊನೆಗೆ ತೀರ್ಪು ಬಂತು: "ಹೆದರಿಕೆಯೇ ಆಗಲಿಲ್ಲ."

ಈ ಒಂದು ಪ್ರಶ್ನೆಯಿಂದ ನನಗೆ ಸಾಕಾಗಿ ಹೋಗಿದೆ. ಯಾವ ಸಿನಿಮಾ ಹೇಳಿದರೂ "ಹೆದರಿಕೆ ಆಗುತ್ತಾ?" ಬೇರೆ ಏನೂ ಕೇಳುವುದಿಲ್ಲ. ಕತ್ತಲಲ್ಲಿ ಯಾರೋ ಪಕ್ಕಕ್ಕೆ ಬಂದು ಡಬ್ಬ ಬಡಿದರೆ ಎಲ್ಲರಿಗೂ ಹೆದರಿಕೆ ಆಗುತ್ತದೆ. ಅದಕ್ಕೆ ಸಿನಿಮಾ ಯಾಕೆ?

ಖಾರ ಇಲ್ಲದ ಚಿಕನ್ ಘೀ ರೋಸ್ಟ್ ಯಾರಿಗೆ ಬೇಕು, ಹಾರರ್ ಅಂದ ಮೇಲೆ ಹೆದರಿಸಲೇಬೇಕು ಅಂತ ತಮ್ಮನ ವಾದ. ಖಾರ ಬೇಕು, ಒಪ್ಪಿದೆ. ಆದರೆ ಘೀ ರೋಸ್ಟಿಗೆ ತುಪ್ಪ ಬೇಡವಾ? ಹುಳಿ ಬೇಡವಾ? ಬರೀ ಮೆಣಸು ಅರೆದು ಬಡಿಸಿದರೆ ಕುಂದಾಪುರದವರು ಸುಮ್ನೆ ಬಿಡುತ್ತಾರಾ?

ನಮ್ಮ ಊರಿನವರೇ ಹೀಗೆ ಕೇಳುವಾಗ ಬೇಜಾರು ಇನ್ನೂ ಜಾಸ್ತಿ. ಸತ್ತವರಿಗೆ ಹಸಿವಾಗುತ್ತದೆ ಅನ್ನುವುದು ತುಳುನಾಡಿನಲ್ಲಿ ಹುಟ್ಟಿದವರಿಗೆ ಹೊಸದಾ? ಆಟಿ ತಿಂಗಳಲ್ಲಿ ಕುಲೆಗಳಿಗೆ, ಅಂದರೆ ಮನೆಯ ಸತ್ತವರಿಗೆ, ಬಡಿಸುತ್ತೇವೆ. ನಮ್ಮ ಮನೆಯಲ್ಲಿ ಎಲೆ ಹಾಕಿ, ಕೋಳಿ ಸಾರು, ರೊಟ್ಟಿ ಎಲ್ಲ ಇಟ್ಟು, ಬಾಗಿಲು ಮುಚ್ಚಿ ಹೊರಗೆ ನಿಲ್ಲುತ್ತಿದ್ದೆವು. ಮದುವೆಯಾಗದೆ ಸತ್ತವರಿಗೆ ಮದುವೆಯನ್ನೂ ಮಾಡಿಸುವ ಜನ ನಾವು. ಬಾಗಿಲ ಹೊರಗೆ ನಿಂತಾಗ ಚಿಕ್ಕಂದಿನಲ್ಲಿ ನನಗೆ ಹೆದರಿಕೆ ಆಗುತ್ತಿರಲಿಲ್ಲ. ಅಜ್ಜಿಗೆ ಸಾರು ಸಾಕಾಯಿತಾ ಅಂತ ಯೋಚನೆ ಆಗುತ್ತಿತ್ತು.

ವ್ಯಾಂಪೈರ್ ಅಂದರೆ ನನಗೆ ಅದೇ. ಹಸಿದವರು. ಕತೆ ಇರುವುದು ಅವರ ಹಲ್ಲಿನಲ್ಲಲ್ಲ, ಅವರಿಗೆ ಬಡಿಸುವವರಲ್ಲಿ. ಎಲಿಯ ಮನೆಯಲ್ಲಿ ಹೋಕಾನ್ ಅಂತ ಒಬ್ಬ ವಯಸ್ಸಾದವನಿದ್ದಾನೆ. ಅವಳಿಗಾಗಿ ಕ್ಯಾನು, ಕೊಳವೆ ಹಿಡಿದು ರಕ್ತ ತರಲು ಹೋಗುತ್ತಾನೆ. ಪ್ರತಿ ಸಲ ಕೆಲಸ ಕೆಡಿಸಿಕೊಳ್ಳುತ್ತಾನೆ. ಅವನ ಸುಸ್ತು ನೋಡಿ. ಅವನನ್ನೂ ನಮ್ಮವರು ಹತ್ತತ್ತು ಸೆಕೆಂಡಿನಲ್ಲಿ ದಾಟಿಸಿದರು.

ಈಗ ಒಂದು ವಿಷಯ ಹೇಳುತ್ತೇನೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಅಪ್ಪನ ಕೊನೆಯ ಎರಡು ವರ್ಷ ನಿಮಗೆ ಗೊತ್ತು. ದೇಹ ರಕ್ತ ಮಾಡುವುದನ್ನೇ ನಿಲ್ಲಿಸಿತ್ತು. ಮೂರು ವಾರಕ್ಕೊಮ್ಮೆ ಹೊರಗಿನಿಂದ ಕೊಡಬೇಕು. ಓ ನೆಗೆಟಿವ್. ಆ ಗ್ರೂಪಿನವರ ರಕ್ತ ಎಲ್ಲರಿಗೂ ಆಗುತ್ತದೆ, ಅವರಿಗೆ ಮಾತ್ರ ಓ ನೆಗೆಟಿವ್ ಬಿಟ್ಟು ಬೇರೆ ಆಗುವುದಿಲ್ಲ. ಒಮ್ಮೆ ಕೊಟ್ಟ ಗಂಡಸರು ಮತ್ತೆ ಕೊಡಲು 3 ತಿಂಗಳು ಕಾಯಬೇಕು, ಹೆಂಗಸರು 4 ತಿಂಗಳು. ನನ್ನ ಹತ್ತಿರ ಒಂದು ಪುಸ್ತಕ ಇತ್ತು. ಸುರತ್ಕಲ್‌ನ ಒಬ್ಬರು, ಕಾವೂರಿನ ಇಬ್ಬರು, ಮಣಿಪಾಲದ ಒಬ್ಬ ಹುಡುಗ. ಯಾರ ಮೂರು ತಿಂಗಳು ಯಾವಾಗ ಮುಗಿಯುತ್ತದೆ ಅಂತ ಲೆಕ್ಕ. ಒಂದು ಮದುವೆ ಊಟದಲ್ಲಿ ಎದುರು ಕೂತ ಗಟ್ಟಿಮುಟ್ಟಾದ ಹುಡುಗನನ್ನು ನೋಡಿ, ಇವನ ಗ್ರೂಪ್ ಯಾವುದಿರಬಹುದು ಅಂತ ಯೋಚಿಸುತ್ತಾ ಕೂತಿದ್ದೆ. ಅವನ ಕೈಯ ನರ ನೋಡುತ್ತಿದ್ದೆ. ನನಗೇ ಗೊತ್ತಾಗಿ ಎಲೆ ಬಿಟ್ಟು ಎದ್ದೆ.

ಆ ತಿಂಗಳಲ್ಲೇ 'ಮೈ ಹಾರ್ಟ್ ಕಾಂಟ್ ಬೀಟ್ ಅನ್‌ಲೆಸ್ ಯೂ ಟೆಲ್ ಇಟ್ ಟು' ನೋಡಿದ್ದು. 2020ರದ್ದು, ಜೊನಾಥನ್ ಕ್ವಾರ್ಟಸ್ ನಿರ್ದೇಶನ. ಅಣ್ಣ, ಅಕ್ಕ, ಕಾಯಿಲೆಯ ತಮ್ಮ, ಮೂರೇ ಜನ. ತಮ್ಮನಿಗೆ ಬಿಸಿಲು ಆಗದು, ರಕ್ತ ಬೇಕು. ಅಕ್ಕ ಹೋಟೆಲಿನಲ್ಲಿ ದುಡಿಯುತ್ತಾಳೆ. ಅಣ್ಣ ಡ್ವೈಟ್ ರಾತ್ರಿ ಗಾಡಿಯಲ್ಲಿ ಸುತ್ತುತ್ತಾ, ಹೇಳುವವರು ಕೇಳುವವರು ಇಲ್ಲದವರನ್ನು ಹುಡುಕುತ್ತಾನೆ. ಅವನಿಗೆ ಈ ಕೆಲಸ ಸಾಕಾಗಿದೆ. ಆದರೆ ತಮ್ಮನಿಗೆ ಹಸಿವು. ತಮ್ಮನಿಗೋ ಜೊತೆಗೆ ಕೂತು ಮಾತಾಡಲು ಒಬ್ಬ ಗೆಳೆಯ ಬೇಕು, ಅಷ್ಟೇ. ಡ್ವೈಟ್‌ನ ಮುಖದಲ್ಲಿ ನಾನು ನನ್ನನ್ನೇ ನೋಡಿದೆ. ಪ್ರೀತಿ ಇದೆ, ಇದು ಯಾವಾಗ ಮುಗಿಯುತ್ತದೋ ಅನ್ನುವ ಯೋಚನೆಯೂ ಇದೆ, ಹಾಗೆ ಯೋಚಿಸಿದ್ದಕ್ಕೆ ನಾಚಿಕೆಯೂ ಇದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ನನಗೆ ಯಾರೂ ಹೇಳದ ಮಾತನ್ನು ಆ ಸಿನಿಮಾ ಹೇಳಿತು. ನೋಡಿ ಮುಗಿಸಿ ತುಂಬಾ ಹೊತ್ತು ಅತ್ತೆ.

ಇದಕ್ಕೆ "ಹೆದರಿಕೆ ಆಗುತ್ತಾ?" ಅಂತ ಕೇಳಿದರೆ ನಾನು ಏನು ಹೇಳಲಿ?

ಇನ್ನೂ ಇವೆ. ಕೊರಿಯಾದ 'ಥರ್ಸ್ಟ್', 2009. ಪಾರ್ಕ್ ಚಾನ್-ವೂಕ್ ಅವರದ್ದು, ಕಾನ್ ಚಿತ್ರೋತ್ಸವದಲ್ಲಿ ಜ್ಯೂರಿ ಪ್ರಶಸ್ತಿ ಬಂದಿದೆ. ಒಬ್ಬ ಪಾದ್ರಿ ಜನರಿಗೆ ಒಳ್ಳೆಯದಾಗಲಿ ಅಂತ ಲಸಿಕೆಯ ಪ್ರಯೋಗಕ್ಕೆ ಮೈ ಕೊಡುತ್ತಾನೆ, ವ್ಯಾಂಪೈರ್ ಆಗುತ್ತಾನೆ. ಕೊಲ್ಲಲು ಮನಸ್ಸಿಲ್ಲ. ಆಸ್ಪತ್ರೆಯಲ್ಲಿ ಕೋಮಾದಲ್ಲಿರುವ ರೋಗಿಯ ಪಕ್ಕ ನೆಲದಲ್ಲಿ ಮಲಗಿ ಕೊಳವೆಯಿಂದ ರಕ್ತ ಹೀರುತ್ತಾನೆ. ಚರ್ಚು, ಪಾಪನಿವೇದನೆ ಎಲ್ಲ ನೋಡುತ್ತಾ ಬೆಳೆದ ಮಂಗಳೂರಿನವರಿಗೆ ಅವನ ಸಂಕಟ ಬೇಗ ತಾಗುತ್ತದೆ. ಕೆಲವು ಕಡೆ ಅತಿಯಾಯಿತು ಅನಿಸುತ್ತದೆ, ಮಕ್ಕಳ ಜೊತೆ ನೋಡುವ ಸಿನಿಮಾ ಅಲ್ಲ.

ಗಿಯೆರ್ಮೊ ಡೆಲ್ ಟೊರೊ ಅವರ ಮೊದಲ ಸಿನಿಮಾ 'ಕ್ರೋನೋಸ್' ಸ್ವಲ್ಪ ಹಳೆಯದು, ಆದರೂ ಬಿಡಲು ಮನಸ್ಸಿಲ್ಲ. ಹಳೆ ವಸ್ತು ಮಾರುವ ಅಜ್ಜ ವ್ಯಾಂಪೈರ್ ಆಗುತ್ತಾನೆ. ಮೊಮ್ಮಗಳು ತನ್ನ ಆಟಿಕೆ ಪೆಟ್ಟಿಗೆಯಲ್ಲಿ ಅವನನ್ನು ಮಲಗಿಸುತ್ತಾಳೆ. ಆ ಪುಟ್ಟ ಹುಡುಗಿ ಅವನಿಗೆ ಹೆದರುವುದೇ ಇಲ್ಲ!

ನಗು ಬೇಕು ಅನ್ನುವವರಿಗೆ ಕೆನಡಾದ ಕ್ವಿಬೆಕ್‌ನಿಂದ 2023ರಲ್ಲಿ ಬಂದ 'ಹ್ಯೂಮನಿಸ್ಟ್ ವ್ಯಾಂಪೈರ್ ಸೀಕಿಂಗ್ ಕನ್ಸೆಂಟಿಂಗ್ ಸುಯಿಸೈಡಲ್ ಪರ್ಸನ್'. ಕೊಲ್ಲಲಾಗದ ಮಗಳಿಗೆ ಅಪ್ಪ ಅಮ್ಮ ಇಷ್ಟು ದಿನ ರಕ್ತದ ಪೊಟ್ಟಣ ಕೊಟ್ಟು ಸಾಕಿದ್ದಾರೆ. ಈಗ ಇನ್ನು ನೀನೇ ನೋಡಿಕೋ ಅನ್ನುತ್ತಾರೆ. ಹೆಸರು ಕೇಳಿ ಓಡಬೇಡಿ. ಸಾಯುವ ಮಾತು ತುಂಬಾ ಬರುತ್ತದೆ, ಮನಸ್ಸು ಸರಿಯಿಲ್ಲದ ದಿನ ಮಾತ್ರ ಬೇಡ.

'ಎ ಗರ್ಲ್ ವಾಕ್ಸ್ ಹೋಮ್ ಅಲೋನ್ ಅಟ್ ನೈಟ್' ಪರ್ಷಿಯನ್ ಭಾಷೆಯದ್ದು, 2014. ಕಪ್ಪು ಬಿಳುಪು. ಚಾದರ ಹೊದ್ದ ಹುಡುಗಿ ರಾತ್ರಿ ರಸ್ತೆಯಲ್ಲಿ ಸ್ಕೇಟ್‌ಬೋರ್ಡ್ ಮೇಲೆ ಹೋಗುತ್ತಾಳೆ. ಅದೊಂದು ದೃಶ್ಯಕ್ಕಾದರೂ ನೋಡಿ.

ಸಬ್‌ಟೈಟಲ್ ಓದುವುದು ಕಷ್ಟ ಅನ್ನಬೇಡಿ. ಮನೆಯಲ್ಲಿ ತುಳು, ಪಕ್ಕದಲ್ಲಿ ಕೊಂಕಣಿ, ಮೀನು ಮಾರ್ಕೆಟಿನಲ್ಲಿ ಬ್ಯಾರಿ, ಥಿಯೇಟರಿನಲ್ಲಿ ಮಲಯಾಳ. ಇಷ್ಟು ಭಾಷೆಯ ನಡುವೆ ಬೆಳೆದವರು ನಾವು. ನಿಧಾನ ಅಂತಲೂ ಹೇಳಬೇಡಿ. ಬೆಳಗಾಗುವ ತನಕ ಗದ್ದೆಯಲ್ಲಿ ಚಾಪೆ ಹಾಕಿ ಯಕ್ಷಗಾನದ ಆಟ ನೋಡಿದವರ ಮೊಮ್ಮಕ್ಕಳಿಗೆ ಎರಡು ಗಂಟೆ ಕೂರಲು ಆಗುವುದಿಲ್ಲ ಅಂದರೆ ನಾನು ನಂಬುವುದಿಲ್ಲ.

ಬರುವ ಶನಿವಾರ ನಮ್ಮ ಮನೆಯಲ್ಲಿ ಡ್ವೈಟ್‌ನ ಸಿನಿಮಾ ಹಾಕುತ್ತೇನೆ. ಒಂದೂವರೆ ಗಂಟೆ ಅಷ್ಟೇ. ರಿಮೋಟ್ ನನ್ನ ಹತ್ತಿರ ಇರುತ್ತದೆ. ತಮ್ಮನೂ ಬರಲಿ, ಆ ರಿಮೋಟ್ ಹಿಡಿದವನೂ ಬರಲಿ. ಎಷ್ಟು ಜನ ಅಂತ ಶುಕ್ರವಾರದ ಒಳಗೆ ಹೇಳಿ. ಪುಂಡಿ ಕಡುಬಿಗೆ ಅಕ್ಕಿ ನೆನೆಸಬೇಕು.