ಅಘನಾಶಿನಿಗೆ ಹೋಗೋರು ಮೊದಲು ಉಬ್ಬರದ ವೇಳೆ ನೋಡ್ರಿ

ಕೊಪ್ಪಳದ ಗೆಳೆಯರೆಲ್ಲ ಕೂಡಿ ಕುಮಟಾದ ಅಘನಾಶಿನಿ ಅಳಿವೆಗೆ (ಹೊಳೆ ಕಡಲು ಸೇರುವ ಜಾಗ) ವಲಸೆ ಹಕ್ಕಿ ನೋಡಲು ಒಂದು ದಿನದ ಮಟ್ಟಿಗೆ ಹೋಗಿಬಂದ ಕುರಿತ ಲೇಖನ ಚಲೋ ಐತ್ರಿ ಸರ. ಆದರೆ ‘ಸೂರ್ಯೋದಯಕ್ಕೇ ಅಲ್ಲಿರಬೇಕು’ ಅಂತ ಬರೆದದ್ದು ನಮ್ಮ ಕಡೆಯ ಕೆರೆಗಳಿಗೆ ಹೊಂದುವ ಮಾತು. ಅಳಿವೆಯಲ್ಲಿ ವೇಳೆ ನಿಗದಿ ಮಾಡೋದು ಸಮುದ್ರ. ನೀರು ಇಳಿದಾಗ ಹಕ್ಕಿಗಳು ಕೆಸರಿನ ಬಯಲ ತುಂಬಾ ಚದುರಿ ಹುಳ, ಏಡಿಮರಿ ಹೆಕ್ಕುತ್ತಿರುತ್ತವೆ, ಬೈನಾಕ್ಯುಲರ್‌ಗೂ ಚುಕ್ಕೆಗಳೇ. ನೀರು ಏರತೊಡಗಿದರೆ ಜಾಗ ಸಾಲದೆ ದಂಡೆಯ ಕಡೆ, ಮರಳದಿಬ್ಬದ ಕಡೆ ಒತ್ತಿಕೊಂಡು ಬರುತ್ತವೆ. ಕರ್ಲ್ಯೂ, ಪ್ಲೋವರ್, ಸ್ಟಿಂಟ್‌ನಂಥ ದಂಡೆ ಹಕ್ಕಿಗಳನ್ನು ಬೇರೆ ಬೇರೆ ಗುರುತಿಸಲು ಆ ಹೊತ್ತೇ ಸರಿ. ಉಬ್ಬರದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ, ಹಾಗಾಗಿ ಹೋದ ವಾರದವರ ಅನುಭವ ಕೇಳಿ ಹೊರಟರೆ ಕೆಲಸಕ್ಕೆ ಬರೋದಿಲ್ಲ.

ಇಳಿತದ ಹೊತ್ತಿನಲ್ಲಿ ಅಲ್ಲಿನ ಹೆಣ್ಣುಮಕ್ಕಳು ಚಿಪ್ಪಿ ಆರಿಸುತ್ತಿರುತ್ತಾರೆ. ಅದು ಅವರ ಹೊಟ್ಟೆಪಾಡು. ಕ್ಯಾಮೆರಾ ಹಿಡಿದು ಅವರ ನಡುವೆ ನುಗ್ಗಬಾರದು ಅಂತ ಒಂದು ಸಾಲು ಬರೆದಿದ್ದರೆ ಚೆನ್ನಾಗಿತ್ತು.

ರಾತ್ರಿಯಿಡೀ ಟೆಂಪೊ ಟ್ರಾವೆಲರ್‌ನಲ್ಲಿ ಕೂರಲು ಆಗದವರಿಗೆ ಗದಗ ಜಿಲ್ಲೆಯ ಮಾಗಡಿ ಕೆರೆ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಹತ್ತಿರ. ಅಘನಾಶಿನಿಯೂ ಸೇರಿ ಈ ಮೂರೂ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿ ಸೇರಿದ ಸುದ್ದಿ 2024ರ ಜನವರಿಯಲ್ಲಿ ಒಟ್ಟಿಗೇ ಬಂತು. ಮಾಗಡಿಗೆ ಬರುವ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಬಂದದ್ದು. ಅದನ್ನು ನೋಡಲು ಕಡಲಿಗೆ ಹೋಗಬೇಕಿಲ್ಲ. ಸುತ್ತಲಿನ ಹೊಲದಲ್ಲಿ ಮೇದು ಬಂದು ಕೆರೆಯಲ್ಲಿ ಆರಾಮಾಗಿ ಕೂತಿರುತ್ತದೆ.

ಮುಂದಿನ ಸಲ ಹೊರಡುವಾಗ ಟ್ರೈಪಾಡ್, ಸ್ಪಾಟಿಂಗ್ ಸ್ಕೋಪ್ (ದೂರದ ಹಕ್ಕಿ ನೋಡೋ ದುರ್ಬೀನು) ಇರೋರು ಯಾರಾದರೂ ಬರ್ತಾರೇನ್ರಿ? ಹಂಗಿದ್ದರ ನಂದೂ ಒಂದು ಸೀಟು ಹಿಡೀರಿ.