ಐಸ್‌ಬಾಕ್‌ಗೆ ಆರು, ಒರಿಜಿನಲ್‌ಗೆ ಒಂಬತ್ತು

ಬಿಯರ್‌ಗೆ ಅಂಕ ಕೊಡುವ ಆ್ಯಪ್‌ಗಳ ಮೇಲೆ ನನಗೆ ಹಳೆಯ ಸಿಟ್ಟಿದೆ. ಅಲ್ಲಿ ಮೇಲಿನ ಸ್ಥಾನಗಳಲ್ಲಿ ಕೂತಿರುವವು ಬಹುಪಾಲು ಶೇಕಡಾ ಹತ್ತು, ಹನ್ನೆರಡು ಆಲ್ಕೋಹಾಲ್ ಇರುವ, ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಮಲಗಿದ್ದ, ಸುಲಭಕ್ಕೆ ಕೈಗೆ ಸಿಗದ ಬಿಯರ್‌ಗಳು. ಊಟದ ಜೊತೆ ನೆಮ್ಮದಿಯಾಗಿ ಕುಡಿಯಬಹುದಾದ ಸಾದಾ ಬಿಯರ್‌ಗೆ ಪಾಸು ಮಾರ್ಕು ಕೊಟ್ಟು ಕಳಿಸುತ್ತಾರೆ. ನಾಲ್ಕು ಗುಟುಕು ಕುಡಿದು, ಫೋಟೊ ತೆಗೆದು, ನಕ್ಷತ್ರ ಒತ್ತಿ ಮುಂದಿನ ಗ್ಲಾಸಿಗೆ ಹೋಗುವವರ ತೀರ್ಪು ಬೇರೆ ಹೇಗಿದ್ದೀತು? ನಾಲ್ಕು ಗುಟುಕಿನಲ್ಲಿ ಗಮನ ಸೆಳೆಯಬೇಕಾದರೆ ಬಿಯರ್ ಕಿರುಚಲೇಬೇಕು.

ಅದಕ್ಕೇ ಈ ಬೇಸಿಗೆಯಲ್ಲಿ ಒಂದೇ ಬ್ರೂವರಿಯ ಬಿಯರ್‌ಗಳನ್ನು ಒಂದೊಂದಾಗಿ ಕುಡಿದು ನನ್ನದೇ ಅಂಕಪಟ್ಟಿ ಮಾಡಿದೆ. ನಿಯಮ ಇಷ್ಟೇ: ಒಂದು ಸಂಜೆಗೆ ಒಂದೇ ಬಗೆ. ಗ್ಲಾಸು ಪೂರ್ತಿ ಮುಗಿಯಬೇಕು. ಮುಗಿದ ಮೇಲೆ ಇನ್ನೊಂದು ಬೇಕೆನಿಸಿತೇ ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ಹತ್ತರಲ್ಲಿ ಅರ್ಧದಷ್ಟು ಅಂಕ ಈ ಪ್ರಶ್ನೆಯ ಉತ್ತರಕ್ಕೇ ಮೀಸಲು.

ಬ್ರೂವರಿ ಯಾವುದೆಂದರೆ ಜರ್ಮನಿಯ ಬವೇರಿಯಾದ ಷ್ನೈಡರ್ ವೈಸ್ಸೆ. ನಾನಿರುವ ರೇಗೆನ್ಸ್‌ಬುರ್ಗ್‌ನಿಂದ ಅದರ ಊರು ಕೆಲ್‌ಹೈಮ್‌ಗೆ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಆಲ್ಟ್‌ಮ್ಯೂಲ್ ನದಿ ಡ್ಯಾನ್ಯೂಬ್ ಸೇರುವ ಜಾಗ. ಇವರು ಹೆಸರಾಗಿರುವುದು ಗೋಧಿ ಬಿಯರ್‌ಗೆ; ಅದರಲ್ಲೇ ತಿಳಿ, ಕಡು, ಗಟ್ಟಿ, ಹಗುರ ಎಂದು ಹಲವು ಬಗೆ, ಪ್ರತಿಯೊಂದಕ್ಕೂ ‘ಟ್ಯಾಪ್’ ಎಂಬ ಸಂಖ್ಯೆ. ಒಂದೇ ಮನೆಯ ಹಲವು ಬಿಯರ್‌ಗಳನ್ನು ಹೋಲಿಸಲು ಇದಕ್ಕಿಂತ ಒಳ್ಳೆಯ ಸಾಲು ಸಿಗುವುದು ಕಷ್ಟ.

ಗೋಧಿ ಬಿಯರ್‌ನ ಹಿಂದೆ ಸ್ವಾರಸ್ಯದ ರಾಜಕೀಯವಿದೆ. 1516ರ ಪ್ರಸಿದ್ಧ ಶುದ್ಧತಾ ಕಟ್ಟಳೆ ಬಿಯರ್‌ಗೆ ಬಾರ್ಲಿ, ಹಾಪ್ಸ್ ಎಂಬ ಕಹಿ ಹೂವು ಮತ್ತು ನೀರು ಮಾತ್ರ ಸಾಕೆಂದಿತು. ಗೋಧಿಯಿಂದ ಬಿಯರ್ ಮಾಡುವ ವಿಶೇಷ ಹಕ್ಕು ಡೇಗೆನ್‌ಬೆರ್ಗ್ ಎಂಬ ಮನೆತನದ ಬಳಿ ಉಳಿದಿತ್ತು. 1602ರಲ್ಲಿ ಆ ವಂಶ ನಿಂತುಹೋದಾಗ ಹಕ್ಕು ಬವೇರಿಯಾದ ದೊರೆ ಮ್ಯಾಕ್ಸಿಮಿಲಿಯನ್‌ನ ಕೈಸೇರಿತು. ಪ್ರಜೆಗಳಿಗೆ ಬಾರ್ಲಿಯ ಕಟ್ಟಳೆ, ಅರಮನೆಯ ಖಜಾನೆಗೆ ಗೋಧಿಯ ವರಮಾನ! ಕೆಲ್‌ಹೈಮ್‌ನ ಬ್ರೂವರಿಯನ್ನು 1607ರಲ್ಲಿ ಕಟ್ಟಿದ್ದು ಇದೇ ಹಕ್ಕಿನ ಬಲದಿಂದ. ಎರಡೂವರೆ ಶತಮಾನ ಕಳೆಯುವ ಹೊತ್ತಿಗೆ ಜನರ ನಾಲಿಗೆ ತಣ್ಣಗೆ ಹುದುಗಿಸುವ ಲಾಗರ್ ಬಿಯರ್ ಕಡೆಗೆ ಹೊರಳಿ ಗೋಧಿ ಬಿಯರ್ ಲಾಭ ತರುವುದು ನಿಂತಿತ್ತು. 1872ರಲ್ಲಿ ದೊರೆ ಎರಡನೇ ಲುಡ್‌ವಿಗ್‌ನ ಕಾಲದಲ್ಲಿ ಆ ಹಕ್ಕು ಪಡೆದವನು ಮ್ಯೂನಿಕ್‌ನ ಗೆಯೋರ್ಗ್ ಷ್ನೈಡರ್. ಅಂದಿನಿಂದ ಈ ಮನೆಯಲ್ಲಿ ಅಪ್ಪ ಗೆಯೋರ್ಗ್, ಮಗ ಗೆಯೋರ್ಗ್, ಮೊಮ್ಮಗನೂ ಗೆಯೋರ್ಗ್. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಾವಾದರೂ ನಡುವೆ ಒಂದು ತಲೆಮಾರಿಗೆ ಬಿಡುವು ಕೊಡುತ್ತೇವೆ.

1944ರ ಬಾಂಬ್ ದಾಳಿಯಲ್ಲಿ ಮ್ಯೂನಿಕ್‌ನ ಕಾರ್ಖಾನೆ ಹಾಳಾದ ಮೇಲೆ ತಯಾರಿಕೆಯೆಲ್ಲ ಕೆಲ್‌ಹೈಮ್‌ಗೆ ಬಂತು. ಅಲ್ಲಿನ ಬ್ರೂವರಿಯನ್ನು ಮನೆಯವರು 1920ರ ದಶಕದಲ್ಲೇ ಕೊಂಡಿದ್ದರು. ಮ್ಯೂನಿಕ್‌ನ ಟಾಲ್ ಬೀದಿಯಲ್ಲಿ ಈಗ ಅವರ ಭೋಜನಶಾಲೆ ಇದೆ. ಇಷ್ಟು ಹಳೆಯದನ್ನು ಕ್ರಾಫ್ಟ್, ಅಂದರೆ ಕೈಕಸುಬಿನ ಬಿಯರ್ ಎನ್ನಬಹುದೇ ಎಂದು ತಕರಾರು ತೆಗೆಯುವ ಗೆಳೆಯರಿದ್ದಾರೆ. ತೆರೆದ ತೊಟ್ಟಿಯಲ್ಲಿ ಹುದುಗು ಬರಿಸಿ, ಬಾಟಲಿಯೊಳಗೆ ಮತ್ತೊಮ್ಮೆ ಹುದುಗಿಸಿ ಕಳಿಸುವ ಕುಟುಂಬದ ಕಸುಬನ್ನು ಕ್ರಾಫ್ಟ್ ಎನ್ನದೆ, ಮೊನ್ನೆ ಹುಟ್ಟಿ ಲೇಬಲ್ ಮೇಲೆ ತಲೆಬುರುಡೆ ಬರೆಸಿಕೊಂಡದ್ದನ್ನು ಮಾತ್ರ ಕ್ರಾಫ್ಟ್ ಎನ್ನುವುದಾದರೆ ನನಗೆ ಆ ಮೊಹರು ಬೇಡ.

ಈಗ ಅಂಕಗಳಿಗೆ ಬರೋಣ. ಮೊದಲು ಟ್ಯಾಪ್ 7, ಅಂದರೆ ಒರಿಜಿನಲ್. ಆಲ್ಕೋಹಾಲ್ ಶೇ 5.4. ಗೋಧಿ ಬಿಯರ್ ಎಂದರೆ ಮಬ್ಬು ಹಳದಿ ಎಂದುಕೊಂಡವರಿಗೆ ಬಣ್ಣವೇ ಮೊದಲ ಅಚ್ಚರಿ. ಇದು ಜೋನಿ ಬೆಲ್ಲದ ಬಣ್ಣ. ಅರವತ್ತು ಪಾಲು ಗೋಧಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ), ನಲವತ್ತು ಪಾಲು ಬಾರ್ಲಿ ಮಾಲ್ಟ್. 1872ರಿಂದ ಇದೇ ಪಾಕವಿಧಾನ ಎಂದು ಮನೆಯವರು ಹೇಳಿಕೊಳ್ಳುತ್ತಾರೆ.

ಸುರಿಯುವುದಕ್ಕೂ ಒಂದು ಕ್ರಮವಿದೆ. ಎತ್ತರದ ಗ್ಲಾಸನ್ನು ತಣ್ಣೀರಿನಲ್ಲಿ ತೊಳೆದು, ವಾಲಿಸಿ ಹಿಡಿದು, ಗೋಡೆಗುಂಟ ನಿಧಾನವಾಗಿ ಇಳಿಸಬೇಕು. ತಳದಲ್ಲಿ ಎರಡು ಬೆರಳಿನಷ್ಟು ಉಳಿದಾಗ ನಿಲ್ಲಿಸಿ, ಬಾಟಲಿಯನ್ನು ಗಿರ್ರನೆ ತಿರುಗಿಸಿ ಗಸಿಯನ್ನು ಎಬ್ಬಿಸಿ ಅದನ್ನೂ ನೊರೆಯ ಮೇಲೆ ಹಾಕಬೇಕು. ಆ ಗಸಿ ಯೀಸ್ಟು. ಅದನ್ನು ಬಾಟಲಿಯಲ್ಲೇ ಬಿಟ್ಟರೆ ಈ ಬಿಯರ್‌ನ ಮೈಕಟ್ಟೇ ಹೋಗುತ್ತದೆ. ಗ್ಲಾಸಿನ ಅಂಚಿಗೆ ನಿಂಬೆಯ ಹೋಳು ಸಿಕ್ಕಿಸುವವರ ಬಗ್ಗೆ ನಾನು ಇಲ್ಲಿ ಏನೂ ಬರೆಯುವುದಿಲ್ಲ, ನನ್ನ ಮನೆಯವರೂ ಓದುತ್ತಾರೆ.

ಗೋಧಿ ಬಿಯರ್ ಬಗ್ಗೆ ಯಾರೇ ಬರೆಯಲಿ, ಬಾಳೆಹಣ್ಣು ಮತ್ತು ಲವಂಗ ಎಂದು ಬರೆಯುತ್ತಾರೆ. ಬಾಳೆಹಣ್ಣು ಎಂದರೆ ಯಾವ ಬಾಳೆ ಎಂದು ಕೇಳುವ ನಾಡಿನವರು ನಾವು. ಒರಿಜಿನಲ್‌ನಲ್ಲಿ ಇರುವುದು ಏಲಕ್ಕಿ ಬಾಳೆ, ಅದೂ ಸಿಪ್ಪೆಯ ಮೇಲೆ ಚುಕ್ಕೆ ಮೂಡುವ ಮೊದಲಿನದು: ಸಿಹಿಯ ಹಿಂದೆಯೇ ಸಣ್ಣ ಹುಳಿ. ಅದನ್ನು ಹಿಂದಿಕ್ಕಿ ಬರುತ್ತದೆ ಲವಂಗ, ಜೊತೆಗೆ ಚೂರು ಜಾಯಿಕಾಯಿ. ಕೊನೆಯಲ್ಲಿ ಸುಟ್ಟ ಬ್ರೆಡ್ಡಿನ ಅಂಚಿನ ರುಚಿ, ಆಮೇಲೆ ಬಾಯಿ ಸ್ವಚ್ಛ.

ಹಣ್ಣನ್ನಾಗಲಿ ಮಸಾಲೆಯನ್ನಾಗಲಿ ಯಾರೂ ಹಾಕಿರುವುದಿಲ್ಲ. ಎರಡೂ ಯೀಸ್ಟಿನ ಕೆಲಸ. ಬಾಳೆಯ ಪರಿಮಳಕ್ಕೆ ಕಾರಣ ಐಸೋಅಮೈಲ್ ಅಸಿಟೇಟ್. ನಿಜವಾದ ಬಾಳೆಹಣ್ಣಿನಲ್ಲಿರುವುದೂ ಅದೇ. ಲವಂಗದ ಘಮಕ್ಕೆ ಕಾರಣ 4-ವಿನೈಲ್ ಗ್ವಾಯಕೋಲ್. ಧಾನ್ಯದಲ್ಲಿ ಫೆರುಲಿಕ್ ಆಮ್ಲವಿರುತ್ತದೆ. ಮಾಲ್ಟಿನ ಗಂಜಿಯನ್ನು ಸುಮಾರು 45 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದಷ್ಟು ಹೊತ್ತು ನಿಲ್ಲಿಸಿದರೆ ಆ ಆಮ್ಲ ಹೆಚ್ಚು ಬಿಡುಗಡೆಯಾಗುತ್ತದೆ, ಗೋಧಿ ಬಿಯರ್‌ನ ಯೀಸ್ಟು ಅದನ್ನು ಲವಂಗವಾಗಿಸುತ್ತದೆ. ಈ ಹಂತವನ್ನು ಹಾರಿಸಿ, ಹುದುಗುವಾಗ ಶಾಖ ಏರಲು ಬಿಟ್ಟರೆ ಬಾಳೆಯದೇ ಮೇಲುಗೈ. ಬೆಂಗಳೂರಿನ ಬ್ರೂಪಬ್‌ಗಳಿಗೆ ಹೋದಾಗಲೆಲ್ಲ ನಾನು ಮೊದಲು ತರಿಸುವುದು ಗೋಧಿ ಬಿಯರ್. ಅಲ್ಲಿ ಅದಿಲ್ಲದ ಪಟ್ಟಿ ಅಪರೂಪ. ಚೆನ್ನಾಗಿ ಮಾಡುವವರು ಇದ್ದಾರೆ. ಆದರೆ ಹಲವು ಕಡೆ ನನ್ನ ಗ್ಲಾಸಿಗೆ ಬಂದದ್ದು ಕಪ್ಪಾಗುವಷ್ಟು ಕಳಿತ ಪಚ್ಚಬಾಳೆ, ಲವಂಗದ ಸುಳಿವಿಲ್ಲ. ಪಲಾವಿಗೆ ಎಷ್ಟು ಲವಂಗ ಬೇಕೆಂದು ಕಣ್ಣಳತೆಯಲ್ಲೇ ಹೇಳುವ ಜನರಿಗೆ ಸಿಹಿ ಶರಬತ್ತೇ ಸಾಕೆಂದು ಯಾರು ನಿರ್ಧರಿಸಿದರೋ!

ಒರಿಜಿನಲ್ ಮುಗಿದ ಮೇಲೆ ಇನ್ನೊಂದು ಬೇಕೆನಿಸಿತು. ಚಕ್ಕುಲಿ ಇದ್ದದ್ದರಿಂದ ಇನ್ನಷ್ಟು ಬೇಕೆನಿಸಿತು. ಬವೇರಿಯಾದವರು ಇದನ್ನು ಮಧ್ಯಾಹ್ನದ ಗಂಟೆ ಬಾರಿಸುವ ಮೊದಲು ಬಿಳಿ ಸಾಸೇಜು, ಸಿಹಿ ಸಾಸಿವೆ, ಪ್ರೆಟ್ಜೆಲ್ ಜೊತೆ ಕುಡಿಯುತ್ತಾರೆ. ಬೆಳಗಿನ ತಿಂಡಿಗೆ ಬಿಯರ್ ಎಂದರೆ ಊರಿನಲ್ಲಿ ಅಮ್ಮ ಇಂದಿಗೂ ನಂಬುವುದಿಲ್ಲ. ಹತ್ತಕ್ಕೆ ಒಂಬತ್ತು.

ಟ್ಯಾಪ್ 6, ಅವೆಂಟಿನುಸ್, ಶೇ 8.2. ಗೆಯೋರ್ಗ್‌ಗಳ ಸಾಲಿನ ನಡುವೆ ಬ್ರೂವರಿಯನ್ನು ನಡೆಸಿದ ಮಟಿಲ್ಡೆ ಷ್ನೈಡರ್ ಎಂಬ ಮಹಿಳೆಯ ಕಾಲದಲ್ಲಿ, 1907ರಲ್ಲಿ ಹುಟ್ಟಿದ್ದು. ಹೆಸರು ಹದಿನಾರನೇ ಶತಮಾನದ ಬವೇರಿಯಾದ ಇತಿಹಾಸಕಾರನದು. ಇದನ್ನು ಕುಡಿಯುವವರು ಮಾಡುವ ದೊಡ್ಡ ಅನ್ಯಾಯ ಫ್ರಿಜ್ಜಿನಿಂದ ತೆಗೆದ ತಕ್ಷಣ ಕುಡಿಯುವುದು. ಹೊರಗಿಟ್ಟು ಕಾಯಿರಿ. ತಣ್ಣಗಿರುವಾಗ ಬರೀ ಗಟ್ಟಿ ಮಾಲ್ಟು. ಚಳಿ ಬಿಟ್ಟ ಮೇಲೆ ಒಣದ್ರಾಕ್ಷಿ, ಉತ್ತುತ್ತೆ, ಕೋಕೋ ಒಂದೊಂದಾಗಿ ಎದ್ದು ಬರುತ್ತವೆ. ಲವಂಗ ಇಲ್ಲೂ ಇದೆ, ಆದರೆ ಹಿಂದಿನ ಬೆಂಚಿನಲ್ಲಿ ಕೂತಿದೆ.

ಇಲ್ಲಿನವರು ಇದರ ಜೊತೆ ಹುರಿದ ಹಂದಿಮಾಂಸ ತಿನ್ನುತ್ತಾರೆ. ಕೊಡಗಿನ ಗೆಳೆಯರೊಬ್ಬರು ಊರಿನಿಂದ ಕಾಚಂಪುಳಿ ತಂದಿದ್ದರಿಂದ ನಮ್ಮ ಮೇಜಿನ ಮೇಲೆ ಪಂದಿ ಕರಿ ಇತ್ತು. ಕಾಚಂಪುಳಿಯ ಕಡು ಹುಳಿ ಬಿಯರ್‌ನ ಸಿಹಿಯನ್ನು ಹಿಡಿದು ನಿಲ್ಲಿಸುತ್ತದೆ, ಬಿಯರ್‌ನ ಗುಳ್ಳೆಗಳು ಕೊಬ್ಬನ್ನು ನಾಲಿಗೆಯಿಂದ ಎತ್ತಿಕೊಂಡು ಹೋಗುತ್ತವೆ, ಹುರಿದ ಮೆಣಸು ಮತ್ತು ಕೋಕೋ ಪರಸ್ಪರ ಪರಿಚಯಸ್ಥರೇ. “ಇದನ್ನು ಮಾಡಿದವರು ಮಡಿಕೇರಿಗೆ ಬಂದಿದ್ದರೇನು?” ಎಂದು ಅವರು ಕೇಳಿದರು. ಕೆಂಪು ದ್ರಾಕ್ಷಾರಸವನ್ನು ಪಂದಿ ಕರಿಗೆ ಜೋಡಿಸಲು ಹೆಣಗುವವರು ಒಮ್ಮೆ ಇದನ್ನು ನೋಡಲಿ. ಇನ್ನೊಂದು ಬೇಕೆನಿಸಿತೇ? ಬೇಕೆನಿಸಿತು, ಆದರೆ ಶೇ 8.2 ನೆನಪಾಗಿ ಸುಮ್ಮನಾದೆ. ಎಂಟೂವರೆ.

ಈಗ ಜಗಳದ ಬಿಯರ್. ಟ್ಯಾಪ್ 9, ಅವೆಂಟಿನುಸ್ ಐಸ್‌ಬಾಕ್, ಶೇ 12. ಹಿಂದೊಮ್ಮೆ ಸಾಗಣೆಯ ದಾರಿಯಲ್ಲಿ ಅವೆಂಟಿನುಸ್ ಅರ್ಧ ಹೆಪ್ಪುಗಟ್ಟಿತಂತೆ. ನೀರು ಮೊದಲು ಮಂಜಾಗುತ್ತದೆ, ಆಲ್ಕೋಹಾಲೂ ರುಚಿಯೂ ದ್ರವದಲ್ಲೇ ಉಳಿಯುತ್ತವೆ. ಮಂಜನ್ನು ತೆಗೆದರೆ ಸಿಗುವುದು ಬಿಯರ್‌ನ ಗಟ್ಟಿ ಸಾರ. ಆಗಿನ ಬ್ರೂಮಾಸ್ಟರ್ ಹಾನ್ಸ್-ಪೀಟರ್ ಡ್ರೆಕ್ಸ್‌ಲರ್ 2002ರಲ್ಲಿ ಅದನ್ನೇ ಬೇಕೆಂದು ಮಾಡಿದರು. ಬರುವುದು ಚಿಕ್ಕ ಬಾಟಲಿಯಲ್ಲಿ. ಮೊದಲ ಗುಟುಕು ಅದ್ಭುತ, ಸುಳ್ಳು ಹೇಳುವುದಿಲ್ಲ: ಅಂಜೂರ, ಸುಟ್ಟ ಸಕ್ಕರೆ, ಬಾದಾಮಿ, ಎದೆಯೊಳಗೆ ಇಳಿಯುವ ಬಿಸಿ. ಎರಡನೆಯದೂ ಚೆನ್ನ. ಐದನೆಯದರ ಹೊತ್ತಿಗೆ ತುಟಿ ಅಂಟುತ್ತದೆ. ಅರ್ಧ ಬಾಟಲಿಗೆ ಬರುವಾಗ ಇನ್ನೆಷ್ಟಿದೆ ಎಂದು ಬೆಳಕಿಗೆ ಹಿಡಿದು ನೋಡಿದೆ. ಕುಡಿಯುವವನು ಬಾಟಲಿಯನ್ನು ಬೆಳಕಿಗೆ ಹಿಡಿದರೆ ಅಂಕ ಅಲ್ಲಿಗೇ ಮುಗಿಯಿತು.

ಇದನ್ನು ಹೊಗಳುವವರ ವಾದ ನನಗೆ ಗೊತ್ತು: ಇದು ಊಟದ ನಂತರ ಸಣ್ಣ ಗ್ಲಾಸಿನಲ್ಲಿ ಹೀರಬೇಕಾದದ್ದು, ಬಿಯರ್‌ನಂತೆ ಕುಡಿಯಬಾರದು. ಒಪ್ಪುತ್ತೇನೆ. ಬಿಯರ್‌ನಂತೆ ಕುಡಿಯಬಾರದ್ದಕ್ಕೆ ಬಿಯರ್‌ಗಳ ಸಾಲಿನಲ್ಲಿ ಮೊದಲ ಸ್ಥಾನ ಏಕೆ ಕೊಡುತ್ತೀರಿ ಎಂಬುದಷ್ಟೇ ನನ್ನ ಪ್ರಶ್ನೆ. ಅವೆಂಟಿನುಸ್‌ನಲ್ಲಿ ಇಲ್ಲದ ಒಂದೇ ಒಂದು ರುಚಿಯೂ ನನಗೆ ಇದರಲ್ಲಿ ಸಿಗಲಿಲ್ಲ. ಅದೇ ರುಚಿಗಳು ಇಲ್ಲಿ ಇಕ್ಕಟ್ಟಿನಲ್ಲಿ ಒಂದರ ಮೇಲೊಂದು ನಿಂತಿವೆ. ಆರು.

ಟ್ಯಾಪ್ 5, ಹೋಪ್ಫೆನ್‌ವೈಸ್ಸೆ, ಇದೂ ಶೇ 8.2. 2007ರಲ್ಲಿ ಡ್ರೆಕ್ಸ್‌ಲರ್ ಮತ್ತು ನ್ಯೂಯಾರ್ಕಿನ ಬ್ರೂಕ್ಲಿನ್ ಬ್ರೂವರಿಯ ಗ್ಯಾರೆಟ್ ಆಲಿವರ್ ಸೇರಿ ಮಾಡಿದ್ದು. ಗೋಧಿ ಬಿಯರ್‌ಗೆ ಅಮೆರಿಕದ ಮಾದರಿಯಲ್ಲಿ ಕೈತುಂಬ ಹಾಪ್ಸ್. ಕೆಲ್‌ಹೈಮ್‌ನಲ್ಲಿ ಮಾಡಿದ್ದಕ್ಕೆ ಜರ್ಮನಿಯ ಸಫಿರ್ ತಳಿ. ಚಕ್ಕೋತದ ಸಿಪ್ಪೆ, ಮಾವಿನ ಎಲೆ, ಹಿಂದೆ ಬಾಳೆ. ಇಂಥ ಮಿಶ್ರಣ ಕೇಳಿದರೆ ಕೆಡುಕಾಗಬೇಕು, ಕುಡಿದರೆ ಆಗುವುದಿಲ್ಲ. ಶಿವಮೊಗ್ಗದ ಗೆಳೆಯ ಇದಕ್ಕೆ ಒಂಬತ್ತೂವರೆ ಕೊಟ್ಟು ನನ್ನೊಡನೆ ಎರಡು ದಿನ ವಾದಿಸಿದ. ಅವನ ಪ್ರಕಾರ ಈ ಮನೆ ನೂರು ವರ್ಷದಲ್ಲಿ ಮಾಡಿದ ಒಂದೇ ಹೊಸ ಯೋಚನೆ ಇದು. ಯೋಚನೆಗೆ ನಾನೂ ಒಂಬತ್ತೂವರೆ ಕೊಡುತ್ತೇನೆ. ಗ್ಲಾಸಿನ ಕೊನೆಯಲ್ಲಿ ಕಹಿಯೂ ಮದ್ಯದ ಬಿಸಿಯೂ ಸೇರಿ ಗಂಟಲನ್ನು ಒರಟಾಗಿಸುವುದಕ್ಕೆ ಎರಡು ಅಂಕ ಕಡಿತ. ಏಳೂವರೆ. ಕರಿಮೀನಿನ ಫ್ರೈ ಜೊತೆಯಾದರೆ ಎಂಟು.

ಉಳಿದವು ಬೇಗ ಮುಗಿಯುತ್ತವೆ. ಟ್ಯಾಪ್ 4, ಫೆಸ್ಟ್‌ವೈಸ್ಸೆ, ಶೇ 6.2: ಹೊಂಬಣ್ಣ, ದುಂಡು ಮೈ, ಹಬ್ಬದ ದಿನ ಎಲ್ಲರೊಡನೆಯೂ ನಗುತ್ತ ಮಾತಾಡುವ ದೂರದ ನೆಂಟ. ಏಳು. ಟ್ಯಾಪ್ 1 ತಿಳಿ ಬಣ್ಣದ್ದು, ಮೊದಲ ಬಾರಿ ಗೋಧಿ ಬಿಯರ್ ಕುಡಿಯುವವರಿಗೆ ಕೊಡಲು ಸರಿ. ಒರಿಜಿನಲ್ ಪಕ್ಕದಲ್ಲೇ ಇರುವಾಗ ನಾನಂತೂ ತೆಗೆಯಲಾರೆ. ಆರೂವರೆ. ಟ್ಯಾಪ್ 2 ಕ್ರಿಸ್ಟಾಲ್‌ನಲ್ಲಿ ಯೀಸ್ಟನ್ನು ಸೋಸಿ ತೆಗೆದಿರುತ್ತಾರೆ, ಕನ್ನಡಿಯಷ್ಟು ತಿಳಿ. ಗಸಿಯನ್ನು ಎಬ್ಬಿಸಿ ಕುಡಿಯುವ ಬಿಯರ್‌ನಿಂದ ಗಸಿಯನ್ನೇ ತೆಗೆದದ್ದರ ಉದ್ದೇಶ ನನ್ನ ತಲೆಗೆ ಹೋಗಲಿಲ್ಲ. ಐದು, ಅದೂ ಸೆಕೆಯ ದಿನವಾದ್ದರಿಂದ.

ಟ್ಯಾಪ್ 3ರಲ್ಲಿ ಆಲ್ಕೋಹಾಲ್ ಇಲ್ಲ. ಇದಕ್ಕೆ ಅಂಕ ಕೊಡಬೇಕೇ ಎಂದು ಗೆಳೆಯರು ನಕ್ಕರು. ಅದನ್ನು ಕುಡಿದದ್ದು ಸೈಕಲ್‌ನಲ್ಲಿ ಡ್ಯಾನ್ಯೂಬ್ ದಂಡೆಗುಂಟ ಕೆಲ್‌ಹೈಮ್‌ಗೆ ಹೋಗಿ, ಬೆವರು ಹರಿಸುತ್ತ ಕೂತಾಗ. ಲವಂಗವಿತ್ತು, ಸುಟ್ಟ ಬ್ರೆಡ್ಡಿನ ರುಚಿಯಿತ್ತು, ನೊರೆ ಕೊನೆಯವರೆಗೂ ನಿಂತಿತ್ತು. ಮುಗಿಸಿದ ಮೇಲೆ ಇನ್ನೊಂದು ಬೇಕೆನಿಸಿತು, ತರಿಸಿ ಕುಡಿದೂಬಿಟ್ಟೆ. ನಿಯಮ ಮಾಡಿದವನು ನಾನೇ ಆದ್ದರಿಂದ ಬೇರೆ ದಾರಿಯಿಲ್ಲ: ಏಳು. ಐಸ್‌ಬಾಕ್‌ಗಿಂತ ಒಂದು ಹೆಚ್ಚು. ಬೈಯುವವರು ಬೈಯಿರಿ.