ನೀರು ಹೆಚ್ಚಾಗಿದೆಯಂತೆ, ಸಂತೋಷಪಡಬೇಕಂತೆ

ಸ್ವೀಡನ್ನಿನ ಉಮಿಯೋ ಊರಾಚೆಯ ಕಾಡಿಗೆ ನಡೆಯಲು ಹೋಗಿ ತಲೆ ಕೆಡಿಸಿಕೊಂಡು ಬಂದಿದ್ದೇನೆ. ಹೋದ ವರ್ಷ ದಟ್ಟವಾಗಿ ಸ್ಪ್ರೂಸ್ ಮರಗಳಿದ್ದ ಇಳಿಜಾರು ಈಗ ಬೋಳು. ಕಟಾವು ಯಂತ್ರದ ಚಕ್ರಗಳು ಹೂತುಹೋದ ಜಾಡಿನಲ್ಲಿ ಕಂದು ನೀರು ನಿಂತಿದೆ. ಅದರ ಮೇಲೆ ಎಣ್ಣೆ ಚೆಲ್ಲಿದಂತೆ ಹೊಳೆಯುವ ಪೊರೆ. ಪಕ್ಕದಲ್ಲಿದ್ದ ಮಹಾಶಯರೊಬ್ಬರು, "ಮರ ಕಡಿದ ಮೇಲೆ ನೀರು ಹೆಚ್ಚಾಗಿದೆ, ಭಾರತದವರಾದ ನೀವು ಸಂತೋಷಪಡಬೇಕು" ಎಂದರು! ನನ್ನ ಬಾಯಿ ಎಂಥದ್ದೆಂದು ನಿಮಗೆ ಗೊತ್ತು. ಹೇಗೋ ತಡೆದುಕೊಂಡೆ.

ಅವರು ಹೇಳಿದ್ದು ಸುಳ್ಳಲ್ಲ, ಅದೇ ಸಂಕಟ. ಮಳೆ, ಹಿಮವನ್ನು ಮೇಲೆಯೇ ಹಿಡಿದು ಆವಿಯಾಗಿಸುವ ಕೊಂಬೆಗಳಿಲ್ಲ, ಬೇಸಿಗೆಯಲ್ಲಿ ನೀರು ಹೀರುವ ಬೇರುಗಳೂ ಇಲ್ಲ. ಅಂತರ್ಜಲ ಮೇಲೇರುತ್ತದೆ. ಸ್ವೀಡನ್ನಿನ ಬಾಲ್‌ಷೋನಲ್ಲಿ 2006ರಲ್ಲಿ ಕಾಡು ಕಡಿದು ತೊರೆಗಳನ್ನು ಅಳೆದಾಗ, ಹರಿವು ಕಡಿಮೆಯಿರುವ ದಿನಗಳಲ್ಲೇ ಹೆಚ್ಚಳ ಎದ್ದು ಕಂಡಿತು. ಹಾಗಾಗಿ "ಕಾಡು ಕಡಿದರೆ ಹೊಳೆ ಬತ್ತುತ್ತದೆ" ಎಂದು ಬರೆಯಲು ಹೊರಟಿರುವ ಗೆಳೆಯರೇ, ಮಲೆನಾಡಿನ ಲೆಕ್ಕವನ್ನು ದಯವಿಟ್ಟು ಇಲ್ಲಿಗೆ ತರಬೇಡಿ.

ಆದರೆ ಎಂಥ ನೀರು ಸ್ವಾಮಿ? ಅಂತರ್ಜಲ ಮೇಲ್ಪದರಕ್ಕೆ ಬಂದರೆ ಕೊಳೆತ ಎಲೆ, ಪಾಚಿ, ಹ್ಯೂಮಸ್ (ಕೊಳೆತು ಕಪ್ಪಾದ ಸಾವಯವ ಮಣ್ಣು) ತುಂಬಿದ ಪದರದ ಮೂಲಕ ಹರಿಯುತ್ತದೆ. ಆ ಪದರದಲ್ಲಿ ನೀರಿಗೆ ಓಟವೂ ಜಾಸ್ತಿ. ಇಂಗಾಲ, ಸಾರಜನಕ ತೊರೆಗೆ ಇಳಿಯುತ್ತವೆ. ಗಾಳಿಯಾಡದ ಒದ್ದೆ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳು, ಎಂದೋ ಕಲ್ಲಿದ್ದಲ ಹೊಗೆಯೊಂದಿಗೆ ಬಂದು ಕೂತ ಪಾದರಸವನ್ನು ಮೀಥೈಲ್ ಪಾದರಸವೆಂಬ ಇನ್ನೂ ಘೋರ ವಿಷವಾಗಿಸುತ್ತವೆ. ಅದು ಮೀನಿನ ಮೈ ಸೇರುತ್ತದೆ. ಗರ್ಭಿಣಿಯರು ಪೈಕ್, ಪರ್ಚ್ ಮೀನುಗಳನ್ನು ವರ್ಷಕ್ಕೆ 2–3 ಬಾರಿಗಿಂತ ಹೆಚ್ಚು ತಿನ್ನಬಾರದೆಂದು ಇಲ್ಲಿನ ಸರ್ಕಾರವೇ ಹೇಳುತ್ತದೆ. ಪಾದರಸದ ಪಾಪವೆಲ್ಲ ಕಟಾವಿನದೇ ಎನ್ನುತ್ತಿಲ್ಲ. ಆದರೆ ನೀರನ್ನು ಲೀಟರಿನಲ್ಲಿ ಮಾತ್ರ ಎಣಿಸುವವರ ಲೆಕ್ಕದಲ್ಲಿ ಇದು ಯಾವ ಕಾಲಂಗೆ ಬರುತ್ತದೆ?

"1903ರಿಂದ ಕಾನೂನಿದೆ, ಕಡಿದವರು ಮತ್ತೆ ನೆಡಲೇಬೇಕು" ಎನ್ನುತ್ತೀರಿ. ನೆಡುತ್ತಾರೆ, ಹೌದು. ಗೇಣುದ್ದದ ಸಸಿ ಎಷ್ಟು ನೀರು ಕುಡಿದೀತು? ಜೌಗಿನಲ್ಲಿ ಅದು ಉಸಿರುಗಟ್ಟುತ್ತದೆಂದು ಕಾಲುವೆ ತೋಡುತ್ತಾರೆ. ಕಾಲುವೆಯ ಹೂಳು ತೊರೆಗೆ, ಟ್ರೌಟ್ ಮೀನು ಮೊಟ್ಟೆಯಿಡುವ ಜಲ್ಲಿಕಲ್ಲಿನ ಮೇಲೆ. ಇದನ್ನು ಮರದ ಮನೆಯಲ್ಲಿ, ಪೈನ್ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಮರವೇ ಬೇಡ ಎನ್ನುವ ವೈರಾಗ್ಯ ನನಗಿಲ್ಲ.

ಎಲ್ಲಿ ನೆಲ ಒದ್ದೆ ಎಂದು ತೋರಿಸುವ ನಕ್ಷೆಗಳು ಉಚಿತವಾಗಿ ಸಿಗುತ್ತವೆ. ತೊರೆಯಂಚಿನಲ್ಲಿ, ಅದರಲ್ಲೂ ಅಂತರ್ಜಲ ಉಕ್ಕುವ ಕಡೆ, ಅಗಲವಾದ ಪಟ್ಟಿಯಲ್ಲಿ ಮರ ಕಡಿಯದೆ ಬಿಡಿ ಎಂದರೆ ಒಂದು ಸಾಲು ಸ್ಪ್ರೂಸ್ ಬಿಟ್ಟು ಕೈತೊಳೆದುಕೊಳ್ಳುತ್ತಾರೆ. ಮುಂದಿನ ಬಿರುಗಾಳಿಗೆ ಅದೂ ತೊರೆಗೇ ಅಡ್ಡ ಬೀಳುತ್ತದೆ.